ಎದುರಾಳಿಗೆ ಕೊಟ್ಟ ಕಡೆಗೀಲು

ಪಂತ ಕಟ್ಟುವುದು ಮನುಷ್ಯನ ಹುಟ್ಟುಗುಣಗಳಲ್ಲೊಂದು. ಇಬ್ಬರು ಹುಡುಗರು ಕೆರೆಯ ಏರಿಯ ಮೇಲೆ ನಿಂತರೆ ಯಾರ ಕಲ್ಲು ದೂರ ಹೋಗಿ ಬೀಳುವುದೆಂಬ ಮಾತು ತಾನಾಗಿಯೇ ಹುಟ್ಟುವುದು. ಇಬ್ಬರು ಒಕ್ಕಲಿಗರು ಅಕ್ಕಪಕ್ಕದ ಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದರೆ ಯಾರ ಸಾಲು ನೆಟ್ಟಗಿದೆಯೆಂದು ಇಬ್ಬರೂ ಓರೆಗಣ್ಣಿನಿಂದ ನೋಡಿಕೊಳ್ಳುವರು. ಈ ಗುಣವನ್ನು ಕೆಲವರು ಹೊಗಳಿದ್ದಾರೆ, ಕೆಲವರು ಹಳಿದಿದ್ದಾರೆ. ಸ್ಪರ್ಧೆಯಿಲ್ಲದಿದ್ದರೆ ಮನುಷ್ಯನ ಶಕ್ತಿಯು ಒರೆಯೊಳಗಿನ ಕತ್ತಿಯಂತೆ ತುಕ್ಕು ಹಿಡಿಯುವುದೆಂದು ಹೊಗಳುವವರ ವಾದ. ಸ್ಪರ್ಧೆಯಿಂದ ಮತ್ಸರವು ಹುಟ್ಟುವುದು, ಮತ್ಸರದಿಂದ ಊರು ಒಡೆಯುವುದು ಎಂದು ಹಳಿಯುವವರ ವಾದ. ಎರಡರಲ್ಲಿಯೂ ಸತ್ಯವಿರುವುದರಿಂದ ಈ ವಾದವು ಬೇಗನೆ ಮುಗಿಯತಕ್ಕದ್ದಲ್ಲ. ಆದರೆ ಅದರ ಒಡಲಲ್ಲಿ ಒಂದು ಚಿಕ್ಕ ಪ್ರಶ್ನೆಯು ಅಡಗಿದೆ. ಅದಕ್ಕೆ ಉತ್ತರ ದೊರೆತರೆ ದೊಡ್ಡ ವಾದಕ್ಕೂ ಅರ್ಧ ಉತ್ತರ ದೊರೆತಂತೆಯೇ. ಪಂತದ ನಡುವೆ ಎದುರಾಳಿಯ ಸಾಧನವು ಮುರಿದರೆ, ಗೆಲ್ಲಬೇಕೆಂದು ಹೊರಟವನು ತನ್ನ ಸಾಧನವನ್ನು ಅವನಿಗೆ ಕೊಡಬೇಕೋ, ಅಥವಾ ದೈವವು ತನಗೆ ಒದಗಿಸಿದ ಅನುಕೂಲವೆಂದು ತಿಳಿದು ಮುಂದೆ ನಡೆಯಬೇಕೋ?

ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಹಿಮದ ನಾಡುಗಳ ಚಳಿಗಾಲದ ಆಟಗಳು ತಕ್ಕ ಕ್ಷೇತ್ರವಾಗಿವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಜನರಿಗೆ ಹಿಮವೆಂಬುದು ದೂರದ ಮಾತು. ಇಲ್ಲಿಯ ಚಳಿಗಾಲವು ಜೋಳದ ಗರಿಗಳ ಮೇಲೆ ಇಬ್ಬನಿಯಿಟ್ಟು, ಒಂದು ಕಂಬಳಿಯೊಳಗೆ ಮುಗಿದುಹೋಗುವಂಥದು. ಬ್ಯಾಡಗಿಯಲ್ಲಿ ನಿಜವಾದ ಚಳಿ ಬೇಕೆಂದವನು ಮೆಣಸಿನಕಾಯಿಯ ಚೀಲಗಳನ್ನು ಬಣ್ಣ ಕೆಡದಂತೆ ಕಾದಿಟ್ಟಿರುವ ಶೀತಲಗೃಹಗಳ ಬಾಗಿಲನ್ನೇ ತೆರೆಯಬೇಕು. ಆದರೆ ಈ ದೂರವೇ ವಿಚಾರಕ್ಕೆ ಸಹಾಯಕವಾಗಿದೆ. ತನ್ನೂರಿನ ಕುಸ್ತಿಯ ಕಣದಲ್ಲಿ ನ್ಯಾಯ ಹೇಳುವವನಿಗೆ ತನ್ನ ಓಣಿಯ ಪೈಲವಾನನ ಮೇಲೆ ಮಮತೆಯುಂಟು. ಆ ಮಮತೆಯು ತೀರ್ಪಿನ ಮುಳ್ಳನ್ನು ಕೂದಲಿನಷ್ಟಾದರೂ ಒಂದು ಕಡೆಗೆ ವಾಲಿಸುವುದು. ನಾರ್ವೆಯವನು ಗೆದ್ದರೇನು, ಕೆನಡಾದವಳು ಗೆದ್ದರೇನು, ಹಾವೇರಿಯ ಓದುಗನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಲ್ಲದೆ ಹಿಮದ ಆಟಗಳಲ್ಲಿ ಮನುಷ್ಯನಿಗೂ ಸಾಧನಕ್ಕೂ ಇರುವ ನಂಟು ಬಹಳ ಹತ್ತಿರದ್ದು. ಬರಿಗಾಲಿನಲ್ಲಿ ಓಡುವವನಿಗೆ ಮುರಿಯತಕ್ಕ ಸಾಧನವೇ ಇಲ್ಲ. ಹಿಮದ ಮೇಲೆ ಜಾರುವವನಿಗಾದರೋ ಪಾದಕ್ಕೆ ಕಟ್ಟಿದ ಸ್ಕೀ ಪಟ್ಟಿಯೂ ಕೈಯ ಕೋಲೂ ಅವಯವಗಳೇ ಆಗಿರುವುವು. ಕೋಲು ಮುರಿದರೆ ಕೈ ಮುರಿದಂತೆ.

ಮೊದಲನೆಯ ನಿದರ್ಶನವು ೧೯೬೪ನೆಯ ಇಸವಿಯದು. ೧೯೨೪ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲಾದ ಚಳಿಗಾಲದ ಒಲಿಂಪಿಕ್ ಕೂಟವು ಆ ವರ್ಷ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ ನೆರೆದಿತ್ತು. ಅಲ್ಲಿ ಇಬ್ಬರು ಕುಳಿತು ಇಳಿಯುವ ಬಾಬ್‌ಸ್ಲೆಡ್ ಎಂಬ ಜಾರುಬಂಡಿಯ ಪಂತವು ನಡೆಯಿತು. ಇದು ಗಾಲಿಯಿಲ್ಲದ ಬಂಡಿ. ಉಕ್ಕಿನ ಅಲಗುಗಳ ಮೇಲೆ ಮಂಜುಗಡ್ಡೆಯ ಕಾಲುವೆಯಲ್ಲಿ ಕಣ್ಣಿಗೆ ನಿಲುಕದ ವೇಗದಿಂದ ಧುಮುಕುವುದು. ನಾಲ್ಕು ಸಲ ಇಳಿದ ಕಾಲವನ್ನೆಲ್ಲ ಕೂಡಿಸಿ ಯಾರದು ಕಡಿಮೆಯೋ ಅವರಿಗೆ ಜಯ. ಇಟಲಿಯ ಯುಜೆನಿಯೊ ಮೊಂಟಿ ಎಂಬವನು ಈ ವಿದ್ಯೆಯಲ್ಲಿ ಹಲವು ಸಲ ಜಗತ್ತನ್ನೇ ಗೆದ್ದವನು. ಆದರೆ ಒಲಿಂಪಿಕ್ಕಿನ ಚಿನ್ನವು ಮಾತ್ರ ಅವನಿಗೆ ದೊರೆತಿರಲಿಲ್ಲ. ೧೯೫೬ರಲ್ಲಿ ಎರಡು ಬೆಳ್ಳಿಯ ಪದಕಗಳು ಬಂದಿದ್ದವು, ೧೯೬೦ರ ಕೂಟದಲ್ಲಿ ಈ ಆಟವೇ ಇರಲಿಲ್ಲ. ವಯಸ್ಸು ಮೂವತ್ತೈದು ಮೀರಿತ್ತು. ಅಂಥ ಸಮಯದಲ್ಲಿ ಅವನ ಎದುರಾಳಿಗಳಾದ ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಇವರ ಬಂಡಿಯ ಅಚ್ಚಿನ ಬೋಲ್ಟು ಮುರಿಯಿತು. ಹಾವೇರಿಯ ಭಾಷೆಯಲ್ಲಿ ಹೇಳುವುದಾದರೆ ಬಂಡಿಯ ಕಡೆಗೀಲು ಹೋಯಿತು. ಮೊಂಟಿಯು ತನ್ನ ಬಂಡಿಯ ಬೋಲ್ಟನ್ನು ಕಳಚಿಸಿ ಅವರಿಗೆ ಕಳುಹಿಸಿಕೊಟ್ಟನು. ಪಂತವು ಮುಗಿದಾಗ ನ್ಯಾಶ್ ಮತ್ತು ಡಿಕ್ಸನ್‌ರಿಗೆ ಚಿನ್ನವು ಬಂದಿತು. ಎರಡನೆಯವರಿಗೂ ಅವರಿಗೂ ಇದ್ದ ಅಂತರವು ಒಂದು ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು ಮಾತ್ರ. ಎರಡನೆಯವರೂ ಇಟಲಿಯವರೇ. ಮೊಂಟಿಗೂ ಅವನ ಜೊತೆಗಾರ ಸಿಯೋರ್ಪಾಯೆಸನಿಗೂ ಮೂರನೆಯ ಸ್ಥಾನ. ಜನರು ಮೊಂಟಿಯನ್ನು ಕೆಣಕಿದಾಗ ಅವನು ಕೊಟ್ಟ ಉತ್ತರದ ಸಾರವಿಷ್ಟು: ನ್ಯಾಶನು ಗೆದ್ದದ್ದು ಬೋಲ್ಟಿನಿಂದಲ್ಲ, ಎಲ್ಲರಿಗಿಂತ ವೇಗವಾಗಿ ಇಳಿದದ್ದರಿಂದ.

ಈ ಉತ್ತರವನ್ನು ವಿನಯದ ಮಾತೆಂದು ತಿಳಿದು ದಾಟಿಹೋಗಬಾರದು. ಅದರಲ್ಲಿ ಒಂದು ಸಿದ್ಧಾಂತವೇ ಇದೆ. ಸ್ಪರ್ಧೆ ಏತಕ್ಕಾಗಿ ನಡೆಯುವುದು? ಪದಕಕ್ಕಾಗಿ ಎಂದರೆ ಪದಕವನ್ನು ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಹೊಗಳಿಕೆಗಾಗಿ ಎಂದರೆ ಹೊಗಳುವವರನ್ನು ಕೂಲಿಗೆ ಕರೆಯಬಹುದು. ಇವೆರಡರಿಂದಲೂ ಸ್ಪರ್ಧಾಳುವಿನ ಮನಸ್ಸು ತಣಿಯುವುದಿಲ್ಲ. ಅವನಿಗೆ ಬೇಕಾದುದು ಒಂದು ಸತ್ಯ: ಈ ದಿನ, ಈ ಕಣದಲ್ಲಿ, ಇಬ್ಬರಲ್ಲಿ ಬಲ್ಲವನು ಯಾರು ಎಂಬ ಸತ್ಯ. ಪಂತವು ಆ ಸತ್ಯವನ್ನು ತೂಗುವ ತಕ್ಕಡಿ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ತೂಗುವಾಗ ಒಂದು ತಟ್ಟೆಯ ಸರಪಳಿ ಹರಿದರೆ, ಕೆಳಗಿಳಿದ ಇನ್ನೊಂದು ತಟ್ಟೆಯಲ್ಲಿ ಮಾಲು ಹೆಚ್ಚಿದೆಯೆಂದು ಯಾವ ದಲಾಲನೂ ಹೇಳಲಾರನು. ಸರಪಳಿಯನ್ನು ಸರಿಪಡಿಸಿ ಮತ್ತೆ ತೂಗುವರು. ಹಾಗೆ ಸರಿಪಡಿಸುವುದು ಎದುರಿನ ತಟ್ಟೆಗೆ ಮಾಡಿದ ಉಪಕಾರವೇ? ಅಲ್ಲ, ಅದು ತೂಕಕ್ಕೆ ಸಲ್ಲಿಸಿದ ಗೌರವ. ಮೊಂಟಿಯು ಬೋಲ್ಟನ್ನು ಕೊಟ್ಟದ್ದು ಹೀಗೆಯೇ. ಮುರಿದ ಬಂಡಿಯನ್ನು ಗೆದ್ದಿದ್ದರೆ ತಾನು ನ್ಯಾಶನಿಗಿಂತ ಬಲ್ಲವನೆಂಬುದು ಅವನಿಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ಎದುರಾಳಿ ಎಂಬ ಶಬ್ದದ ಅರ್ಥವೂ ಬೇರೆಯಾಗಿ ತೋರುವುದು. ಎದುರಾಳಿಯೆಂದರೆ ಹಗೆಯೆಂದು ಸಾಮಾನ್ಯವಾದ ಎಣಿಕೆ. ಗರಡಿಯ ಹಿರಿಯರು ಈ ಎಣಿಕೆಯನ್ನು ಒಪ್ಪಲಿಲ್ಲ. ಕುಸ್ತಿಗೆ ಇಳಿದ ಇಬ್ಬರು ಪೈಲವಾನರು ಕೈ ಕೊಡುವಾಗ ಕಣದ ಮಣ್ಣನ್ನು ತೆಗೆದು ಒಬ್ಬರು ಮತ್ತೊಬ್ಬರ ಮೈಗೆ ಹಚ್ಚುವರು. ಬೆವರಿನಿಂದ ನುಣುಪಾದ ಮೈ ಹಿಡಿತಕ್ಕೆ ಸಿಕ್ಕದೆ ಜಾರಬಾರದು; ಜಾರಿ ತಪ್ಪಿಸಿಕೊಂಡವನು ಗೆದ್ದರೂ ಅದು ಗೆಲುವಲ್ಲ. ಆ ಮಣ್ಣಿನಿಂದ ಇಬ್ಬರ ಹಿಡಿತವೂ ಬಿಗಿಯಾಗುವುದು. ತನ್ನನ್ನು ಕೆಡವಲು ಬಂದವನ ಹಿಡಿತವು ಬಿಗಿಯಾಗಲೆಂದು ತಾನೇ ಮಣ್ಣು ಕೊಡುವುದು ಮೊದಲ ನೋಟಕ್ಕೆ ಹುಚ್ಚೆಂದು ತೋರೀತು; ಆದರೆ ಎದುರಾಳಿಯ ಬಲವಿಲ್ಲದೆ ತನ್ನ ಬಲವು ತನಗೇ ಕಾಣಿಸದೆಂಬುದನ್ನು ಗರಡಿಯವರು ಬಲ್ಲರು. ಕನ್ನಡಿಯ ಮೇಲೆ ಸಿಟ್ಟಾಗಿ ಕನ್ನಡಿಯನ್ನು ಒಡೆದವನಿಗೆ ಮುಖ ನೋಡಿಕೊಳ್ಳುವುದಕ್ಕೆ ಏನು ಉಳಿಯುವುದು? ಎದುರಾಳಿಯು ಸ್ಪರ್ಧಾಳುವಿಗೆ ಸಾಲ ಕೊಟ್ಟವನು. ಕೊಟ್ಟದ್ದು ತನ್ನ ಶ್ರಮ, ತನ್ನ ಅಭ್ಯಾಸ, ತನ್ನ ಸೋಲಿನ ಭಯ. ಈ ಋಣವನ್ನು ಅವನ ಸಾಧನವು ಮುರಿದ ದಿನವಾದರೂ ತೀರಿಸಬೇಕು.

ಇದಕ್ಕೆ ಎದುರಾಗಿ ಬಲವಾದ ಆಕ್ಷೇಪಗಳಿವೆ. ಮೊದಲನೆಯದು ಮಹಾಭಾರತದಿಂದಲೇ ಬರುವುದು. ಕರ್ಣನ ರಥದ ಗಾಲಿ ನೆಲದಲ್ಲಿ ಹೂತಿತು, ಎತ್ತಿಕೊಳ್ಳುವವರೆಗೆ ತಡೆಯೆಂದು ಅವನು ಧರ್ಮವನ್ನು ನೆನಪಿಸಿ ಕೇಳಿದನು, ಕೃಷ್ಣನು ತಡೆಯಗೊಡಲಿಲ್ಲ. ಭಗವಂತನೇ ಕೊಡಬೇಡವೆಂದ ಕಡೆಗೀಲನ್ನು ಮೊಂಟಿಯು ಕೊಟ್ಟದ್ದು ಹೇಗೆ ಧರ್ಮವಾದೀತು? ಆದರೆ ಕೃಷ್ಣನ ಮಾತನ್ನು ಪೂರ್ತಿಯಾಗಿ ನೆನೆಯಬೇಕು. ಗಾಲಿ ಹೂತವನಿಗೆ ಕಾಲಾವಕಾಶವು ಸಲ್ಲದೆಂದು ಅವನು ಹೇಳಲಿಲ್ಲ. ದ್ರೌಪದಿಯನ್ನು ಸಭೆಗೆ ಎಳೆತಂದಾಗ, ಅಭಿಮನ್ಯುವನ್ನು ಹಲವರು ಮುತ್ತಿ ಕೊಂದಾಗ ನಿನ್ನ ಧರ್ಮವು ಎಲ್ಲಿಗೆ ಹೋಗಿತ್ತೆಂದು ಕೇಳಿದನು. ಎಂದರೆ ಎದುರಾಳಿಯ ಋಣವು ನಿಯಮವನ್ನು ಇಬ್ಬರೂ ಕಾದಿರುವಾಗ ಮಾತ್ರ ಹುಟ್ಟುವುದು. ಅದೂ ಅಲ್ಲದೆ ಕುರುಕ್ಷೇತ್ರವು ಪಂತದ ಕಣವಾಗಿರಲಿಲ್ಲ. ಅಲ್ಲಿ ಗೆಲ್ಲಬೇಕಾದದ್ದು ರಾಜ್ಯ, ತೂಗಬೇಕಾದದ್ದು ವಿದ್ಯೆಯಲ್ಲ. ಇಷ್ಟು ಸಮಾಧಾನವಿದ್ದರೂ ಪಂಪನಿಂದ ಮೊದಲುಗೊಂಡು ಕನ್ನಡದ ಕವಿಗಳು ಕರ್ಣನ ವಿಷಯದಲ್ಲಿ ಮರುಗದೆ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನ್ಯಾಯವು ಸರಿಯಾಗಿದ್ದಾಗಲೂ ಹೂತ ಗಾಲಿಯ ಮೇಲೆ ಬಿಟ್ಟ ಬಾಣವನ್ನು ನೋಡಲಾರದ ಒಂದು ಮನಸ್ಸು ಮನುಷ್ಯನೊಳಗಿದೆ.

ಎರಡನೆಯ ಆಕ್ಷೇಪವು ಇನ್ನೂ ಕಠಿಣವಾದುದು. ಮೊಂಟಿಯು ಕೊಟ್ಟದ್ದು ತನ್ನ ಬೋಲ್ಟು, ಕಳೆದುಕೊಂಡದ್ದೂ ಬಹುಮಟ್ಟಿಗೆ ತನ್ನ ಗೆಲುವು. ಬೇರೆಯವರ ಗೆಲುವನ್ನು ಕೊಡುವುದಕ್ಕೆ ಯಾರಿಗೆ ಅಧಿಕಾರವಿದೆ? ೨೦೦೬ರಲ್ಲಿ ಇಟಲಿಯ ಟ್ಯೂರಿನ್ ಕೂಟದಲ್ಲಿ ಇಂಥದೇ ಪ್ರಸಂಗವು ಬಂದಿತು. ಹೆಂಗಸರು ಇಬ್ಬಿಬ್ಬರಾಗಿ ಸರದಿಯಂತೆ ಓಡುವ ಹಿಮದ ಓಟದಲ್ಲಿ ಕೆನಡಾದ ಸಾರಾ ರೆನರಳ ಒಂದು ಕೋಲು ಏರಿನಲ್ಲಿ ಮುರಿಯಿತು. ಒಂದೇ ಕೋಲಿನಿಂದ ಅವಳು ಒದ್ದಾಡುತ್ತಿರುವಾಗ ದಾರಿಯ ಬದಿಯಲ್ಲಿ ನಿಂತಿದ್ದವನೊಬ್ಬನು ಇನ್ನೊಂದು ಕೋಲನ್ನು ಅವಳ ಕೈಗೆ ನೀಡಿದನು. ನೀಡಿದವನು ನಾರ್ವೆಯ ತಂಡದ ಶಿಕ್ಷಕನಾದ ಬ್ಯೋರ್ನಾರ್ ಹೋಕೆನ್ಸ್‌ಮೂನ್. ಕೋಲು ಅವಳ ಅಳತೆಗಿಂತ ಉದ್ದವಾಗಿತ್ತು. ಆದರೂ ಅವಳು ಓಡಿದಳು. ಸ್ವೀಡನ್ನಿಗೆ ಚಿನ್ನ, ರೆನರ್ ಮತ್ತು ಬೆಕಿ ಸ್ಕಾಟ್‌ರ ಕೆನಡಾಕ್ಕೆ ಬೆಳ್ಳಿ, ಫಿನ್ಲೆಂಡಿಗೆ ಕಂಚು ದೊರೆಯಿತು. ನಾರ್ವೆಗೆ ನಾಲ್ಕನೆಯ ಸ್ಥಾನ. ಪದಕವಿಲ್ಲದೆ ಮರಳಿದವರು ಹೋಕೆನ್ಸ್‌ಮೂನನ ಶಿಷ್ಯೆಯರು. ಕೆನಡಾದ ಜನರು ಕೃತಜ್ಞತೆಯಿಂದ ಅವನಿಗೆ ಟನ್ನುಗಟ್ಟಲೆ ಮೇಪಲ್ ಮರದ ಸಿಹಿಪಾಕವನ್ನು ಕಳುಹಿಸಿದರು. ಆದರೆ ಆ ಸಿಹಿಯು ಸೋತ ಇಬ್ಬರು ಹುಡುಗಿಯರ ಪಾಲಿಗೆ ಎಷ್ಟು ಸಿಹಿ? ಗುರುವು ತನ್ನ ಔದಾರ್ಯದ ಬೆಲೆಯನ್ನು ಶಿಷ್ಯರ ಜೇಬಿನಿಂದ ತೆರಬಹುದೇ?

ಈ ಕಡೆಯೂ ಭಾರತದ ಕಥೆಯಲ್ಲಿ ಒಂದು ನಿದರ್ಶನವುಂಟು. ಯುದ್ಧದ ಕೊನೆಯಲ್ಲಿ ಸರೋವರದಿಂದ ಹೊರಟ ದುರ್ಯೋಧನನಿಗೆ ಧರ್ಮರಾಯನು, ಐವರಲ್ಲಿ ಬೇಕಾದ ಒಬ್ಬನನ್ನು ಆರಿಸಿಕೊ, ಬೇಕಾದ ಆಯುಧವನ್ನು ಹಿಡಿ, ಗೆದ್ದರೆ ರಾಜ್ಯವು ನಿನ್ನದೇ ಎಂದನು. ಕೃಷ್ಣನು ಈ ಮಾತಿಗೆ ಬಹಳ ಬೇಸರಗೊಂಡನು. ದುರ್ಯೋಧನನು ಗದೆಯನ್ನು ಹಿಡಿದು ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ, ಹದಿನೆಂಟು ದಿನಗಳಲ್ಲಿ ಅಷ್ಟು ಜನರು ರಕ್ತ ಸುರಿಸಿ ಪಡೆದದ್ದು ಒಂದು ಮಾತಿನಲ್ಲಿ ಕಳೆದುಹೋಗುತ್ತಿತ್ತು. ಧರ್ಮರಾಯನ ದಾನವೂ ಹೋಕೆನ್ಸ್‌ಮೂನನ ಕೋಲೂ ಒಂದೇ ತರದವೇ? ಚೆನ್ನಾಗಿ ನೋಡಿದರೆ ಅಲ್ಲವೆಂದು ತಿಳಿಯುವುದು. ಹೋಕೆನ್ಸ್‌ಮೂನನು ರೆನರಳಿಗೆ ಎರಡನೆಯ ಕೋಲನ್ನು ಕೊಟ್ಟನು, ಮೂರನೆಯದನ್ನಲ್ಲ. ಎಲ್ಲರಿಗೂ ಎರಡು ಕೋಲುಗಳಿದ್ದುದರಿಂದ ಅವಳಿಗೂ ಎರಡಿರಲಿ ಎಂಬುದಷ್ಟೇ ಅವನ ಕೃತ್ಯದ ಅರ್ಥ. ಧರ್ಮರಾಯನಾದರೋ ಸಮವನ್ನು ದಾಟಿ, ಎದುರಾಳಿಯ ಕಡೆಗೆ ತಕ್ಕಡಿಯನ್ನು ತಾನೇ ವಾಲಿಸಿದನು. ಇವೆರಡರ ನಡುವಿನ ಗೆರೆಯು ಈ ವಿಚಾರದ ಮುಖ್ಯವಾದ ಗೆರೆ. ಕೆಟ್ಟ ಸಮವನ್ನು ಮತ್ತೆ ಸಮಕ್ಕೆ ತರುವುದು ಧರ್ಮ. ಸಮವನ್ನು ಮೀರಿ ಕೊಡುವುದು ದಾನ. ದಾನವನ್ನು ತನ್ನ ಸ್ವಂತದ್ದರಿಂದ ಮಾತ್ರ ಮಾಡಬಹುದು, ಪರರ ಗಂಟಿನಿಂದ ಮಾಡಕೂಡದು. ಧರ್ಮಕ್ಕೆ ಆ ತಡೆಯಿಲ್ಲ. ಏಕೆಂದರೆ ಒಂಟಿಕೋಲಿನ ಕೆನಡಾವನ್ನು ಗೆಲ್ಲುವ ಹಕ್ಕು ನಾರ್ವೆಯ ಹುಡುಗಿಯರಿಗೆ ಎಂದೂ ಇರಲಿಲ್ಲ. ಇಲ್ಲದ ಹಕ್ಕನ್ನು ಗುರುವು ಕಳೆದನೆಂಬ ಮಾತಿಗೆ ಅರ್ಥವಿಲ್ಲ.

ಹಾಗಾದರೆ ಅದೃಷ್ಟದಿಂದ ಬಂದ ಗೆಲುವನ್ನು ಯಾರೂ ಸ್ವೀಕರಿಸಬಾರದೋ ಎಂಬುದು ಮೂರನೆಯ ಆಕ್ಷೇಪ. ೨೦೦೨ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ ಮಂಜುಗಡ್ಡೆಯ ಮೇಲಿನ ಸಾವಿರ ಮೀಟರಿನ ಓಟವು ನಡೆದಾಗ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ಎಲ್ಲರಿಗೂ ಹಿಂದೆ ಇದ್ದನು. ಕೊನೆಯ ತಿರುವಿನಲ್ಲಿ ಮುಂದಿನ ನಾಲ್ವರೂ ಒಬ್ಬರಿಗೊಬ್ಬರು ತಾಗಿ ಬಿದ್ದರು; ಹಿಂದಿನವನು ನಿಂತೇ ಗೆರೆಯನ್ನು ದಾಟಿ ಚಿನ್ನವನ್ನು ಪಡೆದನು. ಜಗತ್ತು ನಕ್ಕಿತು. ಆದರೆ ಅದೇ ಬ್ರಾಡ್‌ಬರಿಗೆ ೧೯೯೪ರಲ್ಲಿ ಬೇರೊಬ್ಬನ ಪಾದರಕ್ಷೆಯ ಅಲಗು ತೊಡೆಯನ್ನು ಸೀಳಿ ಪ್ರಾಣಕ್ಕೆ ಬಂದಿತ್ತು. ೨೦೦೦ದಲ್ಲಿ ಬಿದ್ದು ಕತ್ತಿನ ಎಲುಬು ಮುರಿದಿತ್ತು. ಆ ಒಂದೂವರೆ ನಿಮಿಷದ ಓಟಕ್ಕಾಗಿ ಅಲ್ಲ, ಹಿಂದಿನ ಹತ್ತು ವರ್ಷಗಳ ದುಡಿಮೆಗಾಗಿ ಪದಕವನ್ನು ಸ್ವೀಕರಿಸುವೆನೆಂಬ ಅರ್ಥದ ಮಾತನ್ನು ಅವನು ಆಡಿದನು. ಇದರಲ್ಲಿ ದೋಷವಿಲ್ಲ. ಬಿದ್ದವರನ್ನು ಅವನು ಕೆಡವಲಿಲ್ಲ. ಎಬ್ಬಿಸುವುದಕ್ಕೆ ಅವನ ಕೈಯಲ್ಲಿ ಹೊತ್ತಿರಲಿಲ್ಲ. ಅವರು ಬಿದ್ದದ್ದು ಮುಂದೆ ನುಗ್ಗುವ ಅವಸರದಿಂದ, ಆ ಅವಸರವೂ ಆಟದ ವಿದ್ಯೆಯ ಒಂದು ಭಾಗವೇ. ದೈವವು ತಾನಾಗಿ ಕೊಟ್ಟದ್ದನ್ನು ವಿನಯದಿಂದ ತೆಗೆದುಕೊಳ್ಳುವುದು ಬೇರೆ; ಕೈ ನೀಡಿ ಸರಿಪಡಿಸಬಹುದಾದ ಕೇಡನ್ನು ನೋಡಿಯೂ ನೋಡದಂತೆ ಮುಂದೆ ನಡೆಯುವುದು ಬೇರೆ. ದೈವಕ್ಕೆ ಮನುಷ್ಯನು ಹೊಣೆಗಾರನಲ್ಲ. ತನ್ನ ಕೈಯಲ್ಲಿದ್ದ ಕಡೆಗೀಲಿಗೆ ಹೊಣೆಗಾರನು.

ಈಗ ಪ್ರಶ್ನೆಯು ಇನ್ನೊಂದು ಮಗ್ಗುಲಿಗೆ ಹೊರಳುವುದು. ಓಟದ ನಡುವೆ ಕೋಲು ಮುರಿದವಳಿಗೆ ಕೋಲನ್ನು ಕೊಡುವುದು ಧರ್ಮವಾದರೆ, ಓಟಕ್ಕೆ ಮೊದಲೇ ಕೋಲಿಲ್ಲದವಳ ಪಾಡೇನು? ನಾರ್ವೆಯ ಮಗುವಿಗೆ ಹಿಮವು ಅಂಗಳದಲ್ಲಿಯೇ ಬೀಳುವುದು. ಕನ್ನಡ ನಾಡಿನ ಮಗುವು ಹಿಮವನ್ನು ಕಾಣುವುದಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಾಗಿ ಪಯಣ ಮಾಡಬೇಕು. ಹಿಮವಿಲ್ಲದ ಕೊಡಗಿನಲ್ಲಿ ಹುಟ್ಟಿದ ತೆಕ್ಕಡ ಭವಾನಿ ಎಂಬ ತರುಣಿಯು ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಹಿಮದ ಮೇಲಿನ ದೂರದ ಓಟವನ್ನು ಓಡಿ ಕರ್ನಾಟಕಕ್ಕೆ ಚಿನ್ನವನ್ನು ತಂದಳು; ೨೦೨೫ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಪಂತವೊಂದರಲ್ಲಿ ೫ ಕಿಲೋಮೀಟರಿನ ಓಟಕ್ಕೆ ಕಂಚಿನ ಪದಕವನ್ನು ಪಡೆದಳು. ಅದಕ್ಕೆ ಬಹಳ ಹಿಂದೆ, ಮೊಂಟಿಯು ಬೋಲ್ಟು ಕೊಟ್ಟ ಅದೇ ೧೯೬೪ರ ಕೂಟದಲ್ಲಿ ಭಾರತವು ಮೊದಲ ಸಲ ಚಳಿಗಾಲದ ಒಲಿಂಪಿಕ್ಕಿಗೆ ಕಾಲಿಟ್ಟಿತು. ಓಡಿದವನು ಪೋಲೆಂಡಿನಲ್ಲಿ ಹುಟ್ಟಿ ಭಾರತದವನಾಗಿದ್ದ ಜೆರೆಮಿ ಬುಯಾಕೋವ್ಸ್ಕಿ ಒಬ್ಬನೇ. ಇಂಥವರು ಸಮವಾದ ಗೆರೆಯಿಂದ ಹೊರಡುವರೆಂದು ಹೇಳುವುದು ಕಣ್ಣೊರೆಸುವ ಮಾತು. ಹೊರಡುವ ಗೆರೆಯು ಒಂದೇ. ಆ ಗೆರೆಯವರೆಗೆ ಬಂದ ದಾರಿಯು ಒಂದಲ್ಲ.

ವಿನೋದವೆಂದರೆ ಆ ೧೯೬೪ರಲ್ಲಿ ಇನ್ಸ್‌ಬ್ರುಕ್ಕಿಗೂ ಹಿಮವಿರಲಿಲ್ಲ. ಹಿಮವು ಸಾಲದೆ ಆಸ್ಟ್ರಿಯಾದ ಸೈನಿಕರು ಮೇಲಿನ ಬೆಟ್ಟಗಳಿಂದ ಇಪ್ಪತ್ತು ಸಾವಿರ ಮಂಜಿನ ಗಡ್ಡೆಗಳನ್ನೂ ನಲವತ್ತು ಸಾವಿರ ಘನ ಮೀಟರು ಹಿಮವನ್ನೂ ಹೊತ್ತು ತಂದು ಹಾದಿಗಳನ್ನು ಕಟ್ಟಿದರು. ೨೦೨೨ರ ಬೀಜಿಂಗ್ ಕೂಟವು ಬಹುತೇಕ ಯಂತ್ರದಿಂದ ಮಾಡಿದ ಹಿಮದ ಮೇಲೆಯೇ ನಡೆಯಿತು. ಹಿಮದ ನಾಡಿಗೂ ಹಿಮವನ್ನು ಹೊತ್ತು ತರಬೇಕಾದರೆ ಹಿಮವು ಯಾರ ಪಿತ್ರಾರ್ಜಿತವೂ ಅಲ್ಲವೆಂದಾಯಿತು. ಉಳ್ಳವನು ತನ್ನ ಅಂಗಳದ ಹಿಮವನ್ನು ತನ್ನ ಸಾಧನೆಯೆಂದು ಎಣಿಸಬಾರದು. ಅದು ಅವನಿಗೆ ಬಂದ ಬಳುವಳಿ. ಆದರೆ ಆ ಬಳುವಳಿಯ ಋಣವನ್ನು ಓಟದೊಳಗೆ ತೀರಿಸುವಂತಿಲ್ಲ. ಗೆಲ್ಲಬಲ್ಲವನು ಬಡವನೆಂದು ಮರುಗಿ ತನ್ನ ಹೆಜ್ಜೆಯನ್ನು ನಿಧಾನ ಮಾಡಿದರೆ ಅದು ಉಪಕಾರವಲ್ಲ, ಅವಮಾನ; ತೂಕವನ್ನು ಕೆಡಿಸುವುದರಲ್ಲಿ ಅದಕ್ಕೂ ಮೋಸಕ್ಕೂ ಭೇದವಿಲ್ಲ. ಓಟದ ಹೊರಗೆ ಕೊಡಬೇಕಾದದ್ದು ಬಹಳವಿದೆ: ಅಭ್ಯಾಸಕ್ಕೆ ಹಾದಿ, ಕಲಿಸುವ ಗುರು, ದಾರಿಯ ಖರ್ಚು, ಎಲ್ಲಕ್ಕಿಂತ ಹೆಚ್ಚಾಗಿ ಸಮಾನರೆಂಬ ಗೌರವ. ಬೀಜಿಂಗಿನಲ್ಲಿಯೇ ೧೫ ಕಿಲೋಮೀಟರಿನ ಓಟವನ್ನು ಗೆದ್ದ ಫಿನ್ಲೆಂಡಿನ ಇವೊ ನಿಸ್ಕನೆನ್, ಎಲ್ಲರಿಗೂ ಕೊನೆಯವನಾಗಿ ಬರುತ್ತಿದ್ದ ಕೊಲಂಬಿಯಾದ ಕಾರ್ಲೋಸ್ ಕಿಂಟಾನಾ ಗೆರೆ ಮುಟ್ಟುವವರೆಗೆ ಆ ಕೊರೆಯುವ ಚಳಿಯಲ್ಲಿ ಕಾದು ನಿಂತು ಕೈ ಕುಲುಕಿದನು. ಓಡುವಾಗ ಅವನು ಒಂದು ಹೆಜ್ಜೆಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಮುಗಿದ ಮೇಲೆ ತನ್ನ ವಿಶ್ರಾಂತಿಯನ್ನು ಬಿಟ್ಟುಕೊಟ್ಟನು. ಎರಡನ್ನೂ ಅವನು ಸರಿಯಾದ ಜಾಗದಲ್ಲಿ ಮಾಡಿದನು.

ಹಿಮದಿಂದ ಇನ್ನು ನೆಲಕ್ಕೆ ಇಳಿಯಬೇಕು. ಹಾವೇರಿಯ ಸೀಮೆಗೂ ತನ್ನದೊಂದು ಚಳಿಗಾಲದ ಆಟವುಂಟು. ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲಾಗಿ ಊರೂರಿನಲ್ಲಿ ಹೋರಿ ಬೆದರಿಸುವ ಹಬ್ಬವು ನಡೆಯುವುದು. ಜೂಲು ಹೊದಿಸಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಒಣಕೊಬ್ಬರಿಯ ಸರಗಳನ್ನು ಕಟ್ಟಿದ ಹೋರಿಯನ್ನು ಜನರ ನಡುವೆ ಬಿಡುವರು. ತರುಣರು ಕೊಬ್ಬರಿಯನ್ನು ಹರಿಯಲು ನುಗ್ಗುವರು. ಸರ ಹರಿಯದಂತೆ ದಾಟಿದ ಹೋರಿಗೆ ಕೀರ್ತಿ. ಮನೆಯ ಮಗನಂತೆ ಸಾಕಿದ ಹೋರಿ ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುವುದನ್ನು ಈ ಕಡೆಯವರು ಬಲ್ಲರು. ಈ ಪ್ರೀತಿಯು ಸುಳ್ಳಲ್ಲ. ಆದರೆ ಇದುವರೆಗೆ ಹೇಳಿದ ತತ್ತ್ವವನ್ನು ಇಲ್ಲಿ ಇಟ್ಟು ನೋಡಿದರೆ ಒಂದು ವ್ಯತ್ಯಾಸವು ಕಾಣುವುದು. ಮೊಂಟಿ ಮತ್ತು ನ್ಯಾಶ್ ಇಬ್ಬರೂ ಒಪ್ಪಿ ಬಂಡಿಯನ್ನೇರಿದವರು. ಹೋರಿಯು ಪಂತಕ್ಕೆ ವೀಳ್ಯ ಹಿಡಿದು ಬಂದದ್ದಲ್ಲ. ಒಪ್ಪದ ಎದುರಾಳಿಯ ಋಣವು ಒಪ್ಪಿದ ಎದುರಾಳಿಯ ಋಣಕ್ಕಿಂತ ದೊಡ್ಡದು. ಜಲ್ಲಿಕಟ್ಟು ಮೊದಲಾದ ಆಟಗಳನ್ನು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ನಿಲ್ಲಿಸಿತು. ರಾಜ್ಯಗಳು ಮಾಡಿಕೊಂಡ ತಿದ್ದುಪಡಿಗಳನ್ನು ೨೦೨೩ರಲ್ಲಿ ಎತ್ತಿಹಿಡಿಯಿತು. ಕಾನೂನು ಏನನ್ನು ಬಿಡುವುದು, ಏನನ್ನು ತಡೆಯುವುದು ಎಂಬುದು ನ್ಯಾಯಾಲಯದ ಮಾತು. ಬೆದರಿದ ಪ್ರಾಣಿಗೆ ಓಡುವ ಹಾದಿಯನ್ನು ತೆರವಾಗಿಡುವುದು, ಅದಕ್ಕೆ ಅಮಲಿನ ಪದಾರ್ಥವನ್ನು ಕುಡಿಸದಿರುವುದು, ನೋಡಲು ಬಂದ ಮುದುಕರೂ ಮಕ್ಕಳೂ ತುಳಿತಕ್ಕೆ ಸಿಕ್ಕದಂತೆ ಬೇಲಿ ಹಾಕುವುದು, ಇವು ಯಾವ ನ್ಯಾಯಾಲಯವೂ ಹೇಳಬೇಕಾಗಿಲ್ಲದ ಕಡೆಗೀಲುಗಳು. ಹಬ್ಬದ ದಿನ ಮನೆಯ ಮಗನು ಹೆಣವಾಗಿ ಬಂದ ಮನೆಗಳು ಈ ಸೀಮೆಯಲ್ಲಿವೆ. ಆ ಮನೆಗಳ ಮುಂದೆ ನಿಂತು ಸ್ಪರ್ಧೆಯ ಸೊಬಗನ್ನು ಹೊಗಳುವ ಧೈರ್ಯವು ಯಾರಿಗಿದೆಯೋ ಅವರು ಮಾತ್ರ ಬೇಲಿಯು ಬೇಡವೆನ್ನಬಹುದು.

ಕೊನೆಯದಾಗಿ, ಹಿಮವೂ ಹೋರಿಯೂ ಇಲ್ಲದ ಒಂದು ಕಣವು ಪ್ರತಿಯೊಂದು ಓದುಬಲ್ಲ ಮನೆಯಲ್ಲಿದೆ. ಪರೀಕ್ಷೆಯ ಕಾಲಕ್ಕೆ ಸಹಪಾಠಿಯೊಬ್ಬನು ಬಾಗಿಲಿಗೆ ಬಂದು, ಜ್ವರದಿಂದ ಹದಿನೈದು ದಿನ ಶಾಲೆಗೆ ಬರಲಿಲ್ಲ, ಟಿಪ್ಪಣಿಯ ವಹಿಯನ್ನು ಎರಡು ದಿನ ಕೊಡು ಎಂದು ಕೇಳುವನು. ಒಳಗಿನಿಂದ ತಾಯಿಯೋ ತಂದೆಯೋ ಮಗನಿಗೆ ಕಣ್ಸನ್ನೆ ಮಾಡುವರು. ಕಾಲೇಜಿನ ಸ್ಥಾನಗಳು ಎಣಿಸಿದಷ್ಟೇ. ಅವನು ಒಂದು ಅಂಕ ಮೇಲೇರಿದರೆ ನೀನು ಒಂದು ಅಂಕ ಕೆಳಗಿಳಿಯುವೆ. ಈ ಲೆಕ್ಕವು ಸುಳ್ಳಲ್ಲ. ನಾರ್ವೆಯ ಹುಡುಗಿಯರು ನಾಲ್ಕನೆಯವರಾದದ್ದೂ ಸುಳ್ಳಲ್ಲ. ವಹಿಯನ್ನು ಕೊಟ್ಟ ಹುಡುಗನಿಗೆ ನಷ್ಟವೇ ಆಗದೆಂದು ಹೇಳುವ ನೀತಿಬೋಧೆಯು ಬರಿಯ ಸಕ್ಕರೆಯ ಗುಳಿಗೆ, ನಷ್ಟವು ಆಗಲೂಬಹುದು. ಪರೀಕ್ಷೆಯ ಹಾಲಿನಲ್ಲಿ ಉತ್ತರವನ್ನು ತೋರಿಸೆಂದು ಅವನು ಕೇಳಲಿಲ್ಲ; ಅದನ್ನು ಕೊಡುವುದು ಸಮವನ್ನು ಮೀರಿದ್ದು, ತೂಕವನ್ನು ಕೆಡಿಸುವಂಥದು. ಅವನು ಕೇಳಿದ್ದು ಜ್ವರವು ಕಸಿದುಕೊಂಡ ಹದಿನೈದು ದಿನಗಳನ್ನು. ಅದು ಎರಡನೆಯ ಕೋಲು, ಮೂರನೆಯದಲ್ಲ.

ಮೊಂಟಿಯ ಕಥೆಗೆ ಒಂದು ಬಾಲವುಂಟು. ಅವನಿಗೆ ಕ್ರೀಡಾಧರ್ಮಕ್ಕಾಗಿ ಕೂಬರ್ತೆನ್ನನ ಹೆಸರಿನ ಪದಕವನ್ನು ಕೊಟ್ಟರು. ೧೯೬೮ರಲ್ಲಿ ಫ್ರಾನ್ಸಿನ ಗ್ರೆನೋಬ್ಲಿನಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಅವನು 'ಇನ್ನಿಲ್ಲ'ವೆಂದಿದ್ದ ಎರಡು ಚಿನ್ನಗಳನ್ನು ಗೆದ್ದನು. ಈ ಬಾಲವನ್ನು ಮಕ್ಕಳಿಗೆ ಹೇಳುವಾಗ ಎಚ್ಚರಿಕೆ ಬೇಕು. ಬೋಲ್ಟು ಕೊಟ್ಟದ್ದರಿಂದ ಚಿನ್ನ ಬಂದಿತೆಂದು ಹೇಳಿದರೆ ಧರ್ಮವು ಬಡ್ಡಿಯ ವ್ಯಾಪಾರವಾಗುವುದು. ೧೯೬೮ರಲ್ಲಿ ಅವನು ಸೋತಿದ್ದರೂ ೧೯೬೪ರ ಬೋಲ್ಟು ಸರಿಯಾದ ಕಡೆಗೇ ಹೋದದ್ದಾಗಿತ್ತು. ಬಾಗಿಲಲ್ಲಿ ನಿಂತ ಹುಡುಗನಿಗೆ ವಹಿಯನ್ನು ಕೊಡಬೇಕಾದದ್ದೂ ಮುಂದೆ ಏನೋ ಬರುವುದೆಂದಲ್ಲ; ಅವನು ಜ್ವರದಲ್ಲಿದ್ದನು, ವಹಿಯು ಕೈಯಲ್ಲಿತ್ತು, ಇಷ್ಟಕ್ಕಾಗಿಯೇ.